ಕನಕಲಕ್ಷ್ಮಮ್ಮನವರ ಕೈಗುಣ

ಮದ್ದೂರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ನನ್ನ ಬೈಗುಳ ತಿಂದೇ ಕಲಿತವರು. ನನ್ನ ಹೆಸರು ನಾಗರಾಜು, ಇಲ್ಲೇ ಡ್ರೈವಿಂಗ್ ಸ್ಕೂಲ್ ನಡೆಸುತ್ತೇನೆ. ಬಾಯಿ ಸ್ವಲ್ಪ ಜೋರು. ಎದುರಿಗೆ ಕಬ್ಬಿನ ಲಾರಿ ಬರುತ್ತಿರುವಾಗ ಸ್ಟೇರಿಂಗ್ ಬಿಟ್ಟು ಕಿಸೆಯಲ್ಲಿ ಮೊಬೈಲ್ ಹುಡುಕುವವನ ಪಕ್ಕದಲ್ಲಿ ಕೂತರೆ ಯಾರ ಬಾಯಿ ತಾನೇ ಸುಮ್ಮನಿರುತ್ತದೆ? ಆದರೆ ಇಷ್ಟು ವರ್ಷದಲ್ಲಿ ನನಗೇ ತಿರುಗಿಸಿ ಬೈದು, ಬಾಯಿ ಮುಚ್ಚಿಸಿ, ಆಮೇಲೆ ಮನೆಗೆ ಕರೆದು ಕಾಫಿ ಕೊಟ್ಟವರು ಒಬ್ಬರೇ ಒಬ್ಬರು. ಅವರೇ ದೇವಸ್ಥಾನದ ಬೀದಿಯ ಕನಕಲಕ್ಷ್ಮಮ್ಮ. ಅವರ ಬಗ್ಗೆ ಬೀದಿಯಲ್ಲಿ ಒಂದು ಕೆಟ್ಟ ಮಾತು ಹಬ್ಬಿತ್ತು. ಅದು ಸುಳ್ಳು ಅಂತ ಗೊತ್ತಾದ ಮೇಲೂ ಕೆಲವರು ಆಡಿಕೊಳ್ಳುತ್ತಿದ್ದಾರೆ. ಅದಕ್ಕೇ ನಾನು ಇದನ್ನು ಹೇಳಬೇಕಾಗಿದೆ.

ಕನಕಲಕ್ಷ್ಮಮ್ಮ ಹುಟ್ಟಿದ್ದು ಮಳವಳ್ಳಿಯಲ್ಲಿ, ಮದುವೆಯಾಗಿ ಬಂದದ್ದು ಮದ್ದೂರಿಗೆ. ಮಂಡ್ಯದ ಹತ್ತಿರದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತರಾದವರು. ಕೆಲಸದಲ್ಲಿದ್ದಷ್ಟು ವರ್ಷವೂ ಬೆಳಗ್ಗೆ ಅಡುಗೆ ಮುಗಿಸಿ, ಓಡೋಡಿ ರೈಲು ಹಿಡಿದು, ಮಂಡ್ಯದಲ್ಲಿ ಇಳಿದು ಬಸ್ಸು ಹತ್ತಿ ಫಾರಂ ಸೇರುತ್ತಿದ್ದರು. ವಿಜ್ಞಾನಿಗಳು ಗೀಚಿದ ಅಕ್ಷರ ಯಾರಿಗೂ ಓದಲು ಬರದಿದ್ದರೆ ಕಾಗದ ಇವರ ಮೇಜಿಗೆ ಬರುತ್ತಿತ್ತಂತೆ. ರೈಲಿನಲ್ಲಿ ಕಾಲು ಚಾಚಿ ಮಲಗಿದ್ದ ಕಾಲೇಜು ಹುಡುಗರನ್ನು ಎಬ್ಬಿಸಿ, ಸೊಪ್ಪಿನ ಗಂಟು ಹೊತ್ತ ಮುದುಕಿಯನ್ನು ಕೂರಿಸಿದ ಕತೆಯನ್ನು ಸಂಜೆ ವಾಪಸು ಬರುವ ರೈಲಿಗೆ ಯಲಿಯೂರಿನಿಂದ ಹತ್ತುವವರು ಈಗಲೂ ಹೇಳುತ್ತಾರೆ. ಒಟ್ಟಿನಲ್ಲಿ ಯಾರಿಗೂ ಹೆದರಿದ ಹೆಂಗಸಲ್ಲ.

ಅವರ ಯಜಮಾನರು ಸಂಪತ್ ಕುಮಾರ ಅಯ್ಯಂಗಾರರು. ನಮಗೆಲ್ಲ ಅವರು ಅಯ್ನೋರು ಅಷ್ಟೆ. ಪೂಜೆ, ಮದುವೆ, ಗೃಹಪ್ರವೇಶ ಅಂತ ಮಳವಳ್ಳಿಯಿಂದ ಸೋಮನಹಳ್ಳಿಯವರೆಗೆ ತಮ್ಮ ಬಿಳಿ ಪೆಟ್ರೋಲ್ ಕಾರನ್ನು ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ನಿಧಾನದ ಮನುಷ್ಯ. ಅವರ ಹಿಂದೆ ಸಿಕ್ಕಿಕೊಂಡರೆ ಎತ್ತಿನ ಗಾಡಿಯವನಿಗೂ ಬೇಜಾರಾಗಬೇಕು, ಹಾಗೆ ಓಡಿಸುತ್ತಿದ್ದರು. ಹೋದ ವರ್ಷ ಶ್ರಾವಣದಲ್ಲಿ ಒಂದು ಬೆಳಗ್ಗೆ ಮಂಗಳಾರತಿ ತಟ್ಟೆ ಅವರ ಕೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವರು ಅಲ್ಲೇ ಕುಸಿದರು. ಬಲಭಾಗಕ್ಕೆ ಲಕ್ವ ಹೊಡೆದಿತ್ತು.

ಜೀವಕ್ಕೇನೂ ಆಗಲಿಲ್ಲ, ದೇವರು ದೊಡ್ಡವನು. ಕಾಲು ಬೇಗ ಸುಧಾರಿಸಿತು, ಕೈ ಮಾತ್ರ ಮಡಚಿಕೊಂಡು ಎದೆಗೆ ಅಂಟಿಕೊಂಡಿತ್ತು. ಮಂಡ್ಯದ ಡಾಕ್ಟರು ಕನಕಲಕ್ಷ್ಮಮ್ಮನವರನ್ನು ಕೂರಿಸಿಕೊಂಡು ನೇರವಾಗಿ ಹೇಳಿದರಂತೆ. ವ್ಯಾಯಾಮ ಮಾಡಿಸುವವರ ಹತ್ತಿರ ವಾರಕ್ಕೆ ಮೂರು ಸಲ ತಪ್ಪದೆ ಕರೆತಂದರೆ ಕೈ ವಾಪಸು ಬರುತ್ತದೆ, ಈಗ ಸೋಮಾರಿತನ ಮಾಡಿದರೆ ಅದು ಹಾಗೇ ಉಳಿದುಬಿಡುತ್ತದೆ. ಪೂಜೆ ಮಾಡುವವರಿಗೆ ಬಲಗೈ ಇಲ್ಲದಿದ್ದರೆ ಏನುಂಟು ಹೇಳಿ.

ಬಸ್ಸಿನ ಮೆಟ್ಟಿಲು ಹತ್ತಲು ಅಯ್ನೋರಿಂದ ಆಗುತ್ತಿರಲಿಲ್ಲ. ಬಾಡಿಗೆ ಕಾರಿನವರು ಒಂದು ದಿನ ಬಂದರೆ ಇನ್ನೊಂದು ದಿನ ಮದುವೆ ಟ್ರಿಪ್ ಸಿಕ್ಕಿತು ಅಂತ ಕೈ ಕೊಡುತ್ತಿದ್ದರು. ಆಗ ಕನಕಲಕ್ಷ್ಮಮ್ಮ ಸೀದಾ ನನ್ನ ಆಫೀಸಿಗೆ ಬಂದು ನಿಂತರು.

"ನನಗೆ ಕಾರು ಕಲಿಸಿ."

"ಈ ವಯಸ್ಸಲ್ಲಾ, ಅಮ್ನೋರೆ?" ಅಂದೆ.

"ವಯಸ್ಸು ನನ್ನದು. ನಿಮ್ಮ ಕಾರಿಗೆ ಅದರಿಂದ ಏನು ತೊಂದರೆ?" ಅಂದರು.

ಮೊದಲ ದಿನವೇ ಏರಿನಲ್ಲಿ ಗಾಡಿ ನಿಲ್ಲಿಸಿಕೊಂಡು ಹಿಂದಕ್ಕೆ ಜಾರಿಸಿದರು. ಹಿಂದೆ ಟ್ರಾಕ್ಟರು. ನನ್ನ ಜೀವ ಬಾಯಿಗೆ ಬಂತು. "ಬ್ರೇಕ್ ಒತ್ರಮ್ಮೋ! ಕ್ಲಚ್ ಬುಡಿ, ನಿಧಾನಕ್ಕೆ ಬುಡಿ, ಅಯ್ಯೋ ಇಷ್ಟೊಂದು ಬುಟ್ರೆ ಎಂಗೆ!" ಅಂತ ಅರಚಿದೆ. ಅವರು ಹ್ಯಾಂಡ್ ಬ್ರೇಕ್ ಎಳೆದು, ಗಾಡಿ ಆಫ್ ಮಾಡಿ, ನನ್ನ ಕಡೆ ತಿರುಗಿದರು. "ನಾಗರಾಜು, ನನ್ನ ಕಿವಿ ಚೆನ್ನಾಗಿದೆ. ಕಾಲು ಮಾತ್ರ ಇನ್ನೂ ಕಲೀತಾ ಇದೆ. ಕಾಲಿಗೆ ಅರ್ಥವಾಗೋ ಹಾಗೆ ಹೇಳಿ" ಅಂದರು. ಹಿಂದೆ ಟ್ರಾಕ್ಟರಿನವನು ಹಾರನ್ ಹೊಡೆಯುತ್ತಲೇ ಇದ್ದ. ಅವತ್ತಿನಿಂದ ಅವರ ಮುಂದೆ ನನ್ನ ದನಿ ಏರಿದ್ದಿಲ್ಲ. ಲೈಸೆನ್ಸ್ ಪರೀಕ್ಷೆಯಲ್ಲಿ ಒಂದೇ ಸಲಕ್ಕೆ ಪಾಸಾದರು. ಅವತ್ತು ನಾನು ಬೀಗಿದಷ್ಟು ಅವರೂ ಬೀಗಲಿಲ್ಲ.

ತಾಪತ್ರಯ ಶುರುವಾದದ್ದು ಅವರು ಮನೆಯ ಕಾರನ್ನು ಕೈಗೆ ತೆಗೆದುಕೊಂಡ ಮೇಲೆ. ಬೆಳಗ್ಗೆ ಕೀ ತಿರುಗಿಸಿದರೆ ಸೆಲ್ಫ್ ಗರಗರ ಗರಗರ ಅಂತ ಹೊಡೆಯುತ್ತದೆ, ಇಂಜಿನ್ ಮಾತ್ರ ಹತ್ತುವುದಿಲ್ಲ. ಇನ್ನೇನು ಬ್ಯಾಟರಿ ಸತ್ತೇ ಹೋಯಿತು ಅನ್ನುವಷ್ಟರಲ್ಲಿ ಕೆಮ್ಮಿಕೊಂಡು ಹತ್ತುತ್ತದೆ. ಒಮ್ಮೆ ಹತ್ತಿದರೆ ಆಯಿತು, ದಿನವಿಡೀ ಏನೂ ತೊಂದರೆ ಇಲ್ಲ, ಮಂಡ್ಯದಿಂದ ವಾಪಸು ಹೊರಡುವಾಗ ಒಂದೇ ಏಟಿಗೆ ಸ್ಟಾರ್ಟ್. ಮತ್ತೆ ಮಾರನೆಯ ಬೆಳಗ್ಗೆ ಅದೇ ಗರಗರ. ದೇವಸ್ಥಾನದ ಬೀದಿ ಇಕ್ಕಟ್ಟು, ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಎದುರು ಮನೆಯವರು ಸೀನುತ್ತಾರೆ. ಹಾಗಾಗಿ ಈ ಸದ್ದಿನಿಂದಲೇ ಬೀದಿಗೆ ಬೆಳಗಾಗತೊಡಗಿತು.

ಎದುರು ಮನೆಯ ಅಂಕಮ್ಮ ಮೊದಲು ಬಾಯಿ ಬಿಟ್ಟದ್ದು. "ಅಯ್ನೋರು ಮುಟ್ಟುದ್ರೆ ಅಂಗೇ ಹತ್ತೋದು ಕಣಮ್ಮ ಈ ಕಾರು. ಒಂದು ದಿನಾನೂ ಹಿಂಗೆ ಕೂಗ್ನಿಲ್ಲ. ಅಮ್ಮನ ಕೈಗುಣ ಯಾಕೋ ಸರಿಗಿಲ್ಲ." ಅಷ್ಟು ಸಾಕಾಯಿತು. ನಮ್ಮ ಕಡೆ ಕೈಗುಣ ಅಂದರೆ ಕೋರ್ಟಿನ ತೀರ್ಪಿಗಿಂತ ಹೆಚ್ಚು. ಸೂಜಿ ಚುಚ್ಚುವ ಡಾಕ್ಟರಿಂದ ಹಿಡಿದು ಮೊದಲ ಪೈರು ನಾಟುವವಳವರೆಗೆ ಎಲ್ಲರ ಕೈಯನ್ನೂ ಜನ ನೋಡುತ್ತಾರೆ. ಅಂಕಮ್ಮ ಕೆಟ್ಟವಳಲ್ಲ, ಅಯ್ನೋರು ಆಸ್ಪತ್ರೆಯಲ್ಲಿದ್ದಾಗ ದಿನಾ ಅವರ ಮನೆ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟವಳು ಅವಳೇ. ನಾಲಿಗೆಗೆ ಮಾತ್ರ ಬ್ರೇಕಿಲ್ಲ.

ಕನಕಲಕ್ಷ್ಮಮ್ಮ ಮೊದಮೊದಲು ನಕ್ಕರು. ಕಾರನ್ನು ವಹಾಬನ ಗ್ಯಾರೇಜಿಗೆ ತೆಗೆದುಕೊಂಡು ಹೋದರು. ವಹಾಬ್ ನನ್ನ ಗೆಳೆಯ, ನನ್ನ ಸ್ಕೂಲಿನ ಕಾರುಗಳನ್ನೂ ಅವನೇ ನೋಡುವುದು. ಕೆಲಸದಲ್ಲಿ ಒಳ್ಳೆಯವನು, ಆದರೆ ಕೈಗೆ ಸಿಕ್ಕಿದ್ದನ್ನು ಬದಲಾಯಿಸಿ ನೋಡುವ ಚಟ. ಬ್ಯಾಟರಿ ಬದಲಾಯಿಸಿದ. ಗರಗರ. ಪ್ಲಗ್ ಬದಲಾಯಿಸಿದ. ಗರಗರ. ಫಿಲ್ಟರ್ ಬದಲಾಯಿಸಿದ, ಅದಕ್ಕೂ ಜಗ್ಗಲಿಲ್ಲ. ಗ್ಯಾರೇಜಿಗೆ ಬರುವಾಗ ಗಾಡಿ ಬಿಸಿಯಾಗಿಯೇ ಬರುತ್ತದೆ, ಅಲ್ಲಿ ಗುಂಡಿನ ಹಾಗೆ ಸ್ಟಾರ್ಟ್ ಆಗುತ್ತದೆ, ಇನ್ನು ಅವನಾದರೂ ಏನು ಹುಡುಕಿಯಾನು? ಕೊನೆಗೆ ಒಂದು ರಾತ್ರಿ ಗ್ಯಾರೇಜಿನಲ್ಲೇ ಇಟ್ಟುಕೊಂಡು ಬೆಳಗ್ಗೆ ತಾನೇ ಕೀ ಹಾಕಿ ನೋಡಿದ. ಒಂದೇ ಏಟು! ಮಾರನೆಯ ದಿನ ಕನಕಲಕ್ಷ್ಮಮ್ಮನವರ ಕೈಯಲ್ಲಿ ಮತ್ತೆ ಅದೇ ರಾಗ.

ಅವತ್ತು ಸಂಜೆ ಟೀ ಅಂಗಡಿಯಲ್ಲಿ ವಹಾಬ್ ಮೆಲ್ಲಗೆ ಅಂದ, "ಲೇ ನಾಗ, ತಪ್ಪು ತಿಳ್ಕೋಬ್ಯಾಡ. ಅಂಕಮ್ಮ ಏಳೋದ್ರಲ್ಲಿ ಏನೋ ಐತೆ ಅನ್ನಿಸ್ತದೆ. ಅಯ್ನೋರಿಗೆ ಹತ್ತದೆ, ನಂಗೆ ಹತ್ತದೆ, ಅಮ್ಮಂಗೆ ಮಾತ್ರ ಹತ್ತಕಿಲ್ಲ."

ನನಗೆ ಮೈ ಉರಿಯಿತು. "ನೀನು ಮೆಕ್ಯಾನಿಕ್ಕೋ, ಶಾಸ್ತ್ರ ಏಳೋನೋ? ಇನ್ನೊಂದ್ಸಲ ಆ ಮಾತಾಡುದ್ರೆ ನಿನ್ನ ಪಾನಾ ಸ್ಪ್ಯಾನರ್ ಎಲ್ಲಾ ತಗೊಂಡೋಗಿ ಶಿಂಷಾ ಹೊಳೆಗೆ ಎಸೀತೀನಿ ಕಣ್ಲಾ" ಅಂದೆ. ನಾನು ಬೈದೆ ನಿಜ, ಆದರೆ ಉತ್ತರ ನನಗೂ ಗೊತ್ತಿರಲಿಲ್ಲ.

ಆಮೇಲೆ ಆಟ ಆಟವಾಗಿ ಉಳಿಯಲಿಲ್ಲ. ಒಂದು ದಿನ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿಯೇ ಇಳಿದುಹೋಯಿತು, ಮಂಡ್ಯದ ವ್ಯಾಯಾಮ ತಪ್ಪಿತು. ಮರುವಾರ ಇನ್ನೊಂದು ಸಲ ತಪ್ಪಿತು. ಬೀದಿಯ ಗಂಡಸರೆಲ್ಲ ಸೇರಿ ಗಾಡಿ ತಳ್ಳುವಾಗ ಅಯ್ನೋರು ಒಳಗೆ ಕೂತು ಕಿಟಕಿಯ ಆಚೆ ನೋಡುತ್ತಿದ್ದರು, ಹೆಂಡತಿಯ ಮುಖ ನೋಡುತ್ತಿರಲಿಲ್ಲ. ವಿಷಯ ಮಳವಳ್ಳಿಗೆ ಮುಟ್ಟಿತು. ಕನಕಲಕ್ಷ್ಮಮ್ಮನವರ ತಮ್ಮ ಸುದರ್ಶನ್ ಓಡಿ ಬಂದ. ಅಕ್ಕನ ಮೇಲೆ ಅವನಿಗೆ ಪ್ರೀತಿಯೇನೋ ಇದೆ, ಆದರೆ ಎಲ್ಲವನ್ನೂ ತಾನೇ ತೀರ್ಮಾನಿಸಿಬಿಡುವ ಪ್ರಾಣಿ. "ಅಕ್ಕ, ದಾರಿ ಮಧ್ಯೆ ಕೆಟ್ಟು ನಿಂತ್ರೆ ಭಾವನ್ನ ಕಟ್ಕೊಂಡು ಏನ್ ಮಾಡ್ತೀಯ? ಮಾರಿಬಿಡೋಣ. ವ್ಯಾಯಾಮ ಮನೇಲೇ ಮಾಡ್ಕೊಳ್ಳಲಿ. ಸೋಮನಹಳ್ಳೀಲಿ ಒಬ್ಬರು ಕೇಳ್ತಿದಾರೆ, ಶುಕ್ರವಾರ ಕರ್ಕೊಂಡು ಬರ್ತೀನಿ" ಅಂದ.

ಕನಕಲಕ್ಷ್ಮಮ್ಮ ಗಂಡನ ಕಡೆ ನೋಡಿದರು, ಅವರು ಬೇಡ ಅನ್ನುತ್ತಾರೆ ಅಂತ. ಅಯ್ನೋರು, "ಅದು ನಿನ್ನ ಕೈಗೆ ಒಗ್ಗಲಿಲ್ಲ ಕನಕ. ಹೋಗಲಿ ಬಿಡು" ಅಂದರು.

ಇದನ್ನೆಲ್ಲ ನನಗೆ ಹೇಳಿದ್ದು ಕನಕಲಕ್ಷ್ಮಮ್ಮನವರೇ. ನನ್ನ ಆಫೀಸಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಎರಡೂ ಅಂಗೈಗಳನ್ನು ಮಡಿಲಲ್ಲಿಟ್ಟು ನೋಡಿಕೊಳ್ಳುತ್ತಿದ್ದರು. "ನಾಗರಾಜು, ಮುಲಾಜಿಲ್ಲದೆ ಹೇಳಿ. ನನ್ನ ಕೈಯಲ್ಲಿ ಏನಾದರೂ ದೋಷ ಇದೆಯಾ? ನನ್ನಿಂದ ಅವರ ಕೈ ಕೆಟ್ಟರೆ ನಾನು ಹೇಗೆ ಬದುಕಲಿ?" ಅಂದರು. ಆ ಹೆಂಗಸಿನ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ಸಮಾಧಾನ ಮಾಡಲು ನನಗೆ ಬರುವುದಿಲ್ಲ, ಸಿಟ್ಟು ಮಾತ್ರ ಬರುತ್ತದೆ. "ಕಾರಿಗೇನಮ್ಮ ಗೊತ್ತು ಯಾರ ಕೈ ಅಂತ? ಅದು ಕಬ್ಬಿಣ. ನಾಳೆ ಬೆಳಿಗ್ಗೆ ಆ ವಹಾಬನ್ನ ಕುತ್ತಿಗೆ ಇಡ್ಕೊಂಡು ನಿಮ್ಮನೆ ಬಾಗಿಲಿಗೆ ತರ್ತೀನಿ. ಅಲ್ಲೀಗಂಟ ಯಾರೂ ಕಾರು ಮುಟ್ಬ್ಯಾಡಿ" ಅಂದೆ.

ಕರೆತಂದೆ. ಬುಧವಾರ ಬೆಳಗ್ಗೆ, ರಾತ್ರಿಯೆಲ್ಲ ತಣ್ಣಗೆ ನಿಂತಿದ್ದ ಕಾರಿನ ಮುಂದೆ ವಹಾಬ್ ಕಣ್ಣುಜ್ಜಿಕೊಂಡು ನಿಂತ. ಅಷ್ಟು ದಿನವೂ ಅವನು ಕಾಯಿಲೆಯನ್ನು ಕಣ್ಣಾರೆ ಕಂಡೇ ಇರಲಿಲ್ಲ, ಬರೀ ಬಾಯಿಮಾತು ಕೇಳಿ ಔಷಧಿ ಕೊಟ್ಟಿದ್ದ. ಕನಕಲಕ್ಷ್ಮಮ್ಮ ಕೂತು ಕೀ ತಿರುಗಿಸಿದರು. ಗರಗರ ಗರಗರ ಗರಗರ. ವಹಾಬ್ ಹಿಂದೆ ಓಡಿ ಸೈಲೆನ್ಸರ್ ಹತ್ತಿರ ಕುಕ್ಕರಗಾಲಲ್ಲಿ ಕೂತು ಮೂಗು ಒಡ್ಡಿದ. ಕೊನೆಗೆ ಇಂಜಿನ್ ಹತ್ತಿತು. ಎದ್ದವನ ಮುಖ ಬೇರೆಯಾಗಿತ್ತು.

"ಪೆಟ್ರೋಲ್ ವಾಸ್ನೆ ಇಲ್ಲ ಕಣ್ಲಾ" ಅಂದ.

"ಇಲ್ದಿದ್ರೆ?"

"ಪೆಟ್ರೋಲ್ ಒಳೀಕೆ ಬಂದು ಉರೀದೆ ಹೋದ್ರೆ ಇಲ್ಲಿ ಗಮ್ ಅನ್ನಬೇಕು. ಇಲ್ಲಿ ಏನೂ ಇಲ್ಲ. ಅಂದ್ರೆ ಕಿಡಿ ಸರಿಯಾಗೈತೆ, ಪೆಟ್ರೋಲೇ ತಡವಾಗಿ ಬತ್ತಾ ಐತೆ. ಯಾಕೆ ತಡ ಅನ್ನೋದು ಗೊತ್ತಾಗಬೇಕು." ಬಾನೆಟ್ ಎತ್ತಿ ಪೈಪಿನ ಉದ್ದಕ್ಕೂ ಬೆರಳಾಡಿಸಿದ. ಎಲ್ಲೂ ಒದ್ದೆ ಇರಲಿಲ್ಲ. ಗಾಡಿ ಬಿಸಿಯಾಗಿಬಿಟ್ಟಿದೆ, ಇನ್ನು ನಾಳೆ ಬೆಳಗ್ಗೆಯೇ ನೋಡಬೇಕು ಅಂದ. ಕನಕಲಕ್ಷ್ಮಮ್ಮ, ಅಯ್ನೋರು ಇಬ್ಬರೂ ಆ ಕಾರಿನಲ್ಲೇ ಮಂಡ್ಯಕ್ಕೆ ಹೋದರು. ನನಗೆ ಅರ್ಧ ಉಸಿರು ಬಂದಂತಾಯಿತು, ಕಾಯಿಲೆಗೆ ಒಂದು ಹೆಸರಾದರೂ ಸಿಗುವ ಹಾಗಿದೆಯಲ್ಲ ಅಂತ.

ಗುರುವಾರ ಬೆಳಗ್ಗೆ ಹೋದರೆ ಅಂಕಮ್ಮ ಪೊರಕೆ ಹಿಡಿದು ಜಗಲಿಯ ಮೇಲೆಯೇ ನಿಂತಿದ್ದಳು. "ಇಷ್ಟೆಲ್ಲ ಯಾಕ್ರಪ್ಪಾ ಒದ್ದಾಡ್ತೀರಿ? ಅಯ್ನೋರ ಕೈಲಿ ಒಂದ್ಸಲ ಸ್ಟಾರ್ಟ್ ಮಾಡ್ಸಿ, ಆವಾಗ ಗೊತ್ತಾಯ್ತದೆ" ಅಂದಳು.

ನಾನು ಬಾಯಿ ತೆರೆಯುವ ಮೊದಲೇ ವಹಾಬ್, "ಅದೂ ಆಗೋಗ್ಲಿ. ನೋಡೇ ಬುಡವ" ಅಂದ.

ಅಯ್ನೋರನ್ನು ಹಿಡಿದು ಡ್ರೈವರ್ ಸೀಟಿನಲ್ಲಿ ಕೂರಿಸಿದೆವು. ಲಕ್ವ ಹೊಡೆದ ಮೇಲೆ ಆ ಸೀಟಿನಲ್ಲಿ ಅವರು ಕೂತಿರಲಿಲ್ಲ. ಸ್ಟೇರಿಂಗನ್ನು ಎಡಗೈಯಿಂದ ಸವರಿದರು. ಕನಕಲಕ್ಷ್ಮಮ್ಮ ಬಾಗಿಲ ಹತ್ತಿರ ಕಂಬ ಹಿಡಿದು ನಿಂತಿದ್ದರು, ಬೀದಿಯವರು ಅಲ್ಲಲ್ಲೇ ಇಣುಕುತ್ತಿದ್ದರು. ವಹಾಬ್ ಹಿಂದಿನ ಸೀಟಿನಲ್ಲಿ ಮೊಣಕಾಲೂರಿ ಕೂತಿದ್ದ.

ಅಯ್ನೋರು ಎಡಗೈಯನ್ನು ಅಡ್ಡ ಚಾಚಿ ಕೀಯನ್ನು ಅರ್ಧ ತಿರುಗಿಸಿದರು. ಮುಂದೆ ಕೆಂಪು ಹಳದಿ ದೀಪಗಳು ಹತ್ತಿಕೊಂಡವು. ಅಲ್ಲಿಗೆ ಕೀ ಬಿಟ್ಟರು. ಎಡಗೈಯಿಂದ ಬಲಗೈಯನ್ನು ಎತ್ತಿ ಎದೆಯ ಹತ್ತಿರ ತಂದು, ಬಿಡಿಸಲಾಗದ ಬೆರಳುಗಳಿಗೆ ಬೆರಳು ಸೇರಿಸಿ, ಕಣ್ಣು ಮುಚ್ಚಿ ನರಸಿಂಹನನ್ನು ನೆನೆದು ಏನೋ ಶ್ಲೋಕ ಹೇಳಿಕೊಂಡರು. ಹಿಂದಿನಿಂದ ವಹಾಬ್, "ಯಾರೂ ಮಾತಾಡ್ಬ್ಯಾಡಿ!" ಅಂತ ಕೂಗಿ ಸೀಟಿಗೆ ಕಿವಿ ಇಟ್ಟ. ಶ್ಲೋಕ ಮುಗಿಯಿತು. ಅಯ್ನೋರು ಕಣ್ಣು ತೆರೆದು ಕೀ ಪೂರ್ತಿ ತಿರುಗಿಸಿದರು. ಇಂಜಿನ್ ಒಂದೇ ಏಟಿಗೆ ಹತ್ತಿತು!

"ನೋಡುದ್ರಾ? ನಾನ್ ಏಳ್ನಿಲ್ವಾ?" ಅಂಕಮ್ಮ ಪೊರಕೆ ಎತ್ತಿಯೇ ಬಿಟ್ಟಳು. ಕನಕಲಕ್ಷ್ಮಮ್ಮ ಕಂಬ ಬಿಟ್ಟು ಒಳಗೆ ಹೋದರು. ನನಗೆ ನೆಲ ಕುಸಿದಂತಾಯಿತು. ಇಷ್ಟು ದಿನ ಎಲ್ಲರ ಮೇಲೂ ಹಾರಾಡಿದವನು ನಾನು, ಈಗ ಅಂಕಮ್ಮನ ಕಡೆ ತಿರುಗದೆ ಬಾನೆಟ್ಟಿನ ಧೂಳು ಒರೆಸತೊಡಗಿದೆ.

ಆಗ ಹಿಂದಿನ ಸೀಟಿನಿಂದ ವಹಾಬ್ ನಗುವ ಸದ್ದು ಕೇಳಿತು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಯಾ ಅಲ್ಲಾ, ಎಂಥಾ ಪೆದ್ದ ನಾನು! ಲೇ ನಾಗ, ಅಮ್ಮನ್ನ ಕರೀಲಾ! ಅಯ್ನೋರೆ, ಒಂದು ಮಾತು. ದಿನಾ ಹಿಂಗೇ ಮಾಡ್ತಿದ್ರಾ? ಕೀ ಅರ್ಧ ತಿರುಗಿಸಿ, ಕೈ ಮುಗಿದು, ಆಮ್ಯಾಕೆ ಸ್ಟಾರ್ಟು?"

"ಕಾರು ತಗೊಂಡ ದಿನದಿಂದ. ದೀಪ ಹತ್ತಿದ ಮೇಲೆ ದೇವರನ್ನ ನೆನೆದು ಹೊರಡೋದು. ಯಾಕಪ್ಪ?" ಅಂದರು ಅಯ್ನೋರು.

"ಅದಕ್ಕೇ! ಅದಕ್ಕೇ ಹತ್ತೋದು!"

ಕನಕಲಕ್ಷ್ಮಮ್ಮನವರನ್ನು ಕರೆದುಕೊಂಡು ಬಂದೆ, ಬರುವುದಿಲ್ಲ ಅಂದರೂ ಬಿಡಲಿಲ್ಲ. ವಹಾಬ್ ಬೀದಿಗೆಲ್ಲ ಕೇಳುವ ಹಾಗೆ ಬಿಡಿಸಿ ಹೇಳಿದ. ಪೆಟ್ರೋಲ್ ಟ್ಯಾಂಕಿನೊಳಗೆ ಒಂದು ಪಂಪು ಇರುತ್ತದೆ, ಹಿಂದಿನ ಸೀಟಿನ ಕೆಳಗೆ. ಕೀ ಅರ್ಧ ತಿರುಗಿಸಿದ ಕೂಡಲೇ ಅದು ಗುಂಯ್ ಅಂತ ಒಂದೆರಡು ಕ್ಷಣ ಓಡಿ ಪೈಪಿಗೆ ಪೆಟ್ರೋಲ್ ತುಂಬಿಸಿ ಸುಮ್ಮನಾಗುತ್ತದೆ. ತುಂಬಿದ ಪೆಟ್ರೋಲ್ ವಾಪಸು ಇಳಿಯದಂತೆ ತಡೆಯಲು ಪಂಪಿನ ಬಾಯಲ್ಲೇ ಒಂದು ಸಣ್ಣ ವಾಲ್ವ್. ಆ ವಾಲ್ವ್ ಸವೆದಿದೆ, ಪಂಪನ್ನೇ ಬದಲಾಯಿಸಬೇಕು. ರಾತ್ರಿಯೆಲ್ಲ ಪೈಪಿನಲ್ಲಿದ್ದ ಪೆಟ್ರೋಲ್ ಮೆಲ್ಲಗೆ ಟ್ಯಾಂಕಿಗೆ ಇಳಿದುಹೋಗುತ್ತದೆ, ಬೆಳಗ್ಗೆ ಪೈಪು ಖಾಲಿ. ಅಯ್ನೋರು ಶ್ಲೋಕ ಮುಗಿಸುವಷ್ಟರಲ್ಲಿ ಪಂಪು ಪೈಪನ್ನು ಮತ್ತೆ ತುಂಬಿಸಿರುತ್ತದೆ. ಅಮ್ಮ ಹಾಗಲ್ಲ. ಮಂಡ್ಯಕ್ಕೆ ಹೊತ್ತಾಯಿತು ಅಂತ ಕೀಯನ್ನು ಒಂದೇ ತಿರುವಿಗೆ ಕೊನೆ ಮುಟ್ಟಿಸುತ್ತಾರೆ. ಖಾಲಿ ಪೈಪಿನಲ್ಲಿ ಸೆಲ್ಫ್ ಎಷ್ಟು ಹೊಡೆದರೂ ಪೆಟ್ರೋಲ್ ಬಂದು ಸೇರುವವರೆಗೆ ಇಂಜಿನ್ ಹತ್ತುವುದಿಲ್ಲ.

"ಮತ್ತೆ ನಿಂಗೆ ಎಂಗ್ಲಾ ಹತ್ತುತು, ಗ್ಯಾರೇಜಲ್ಲಿ?" ಅಂದೆ.

"ನಾನೂ ಕೀ ಅರ್ಧ ತಿರುಗಿಸಿ, ಯಾವ್ ಯಾವ್ ದೀಪ ಹತ್ತಿದ್ದಾವೆ ಅಂತ ನೋಡ್ತೀನಿ ಕಣ್ಲಾ, ಅಭ್ಯಾಸ. ನಂದೂ ಒಂದು ತರಾ ಪೂಜೇನೇ ಆಯ್ತು" ಅಂತ ತಲೆಗೆ ತಾನೇ ಮೊಟಕಿಕೊಂಡ.

ಅಯ್ನೋರನ್ನು ಇಳಿಸಿ ಜಗಲಿಯಲ್ಲಿ ಕೂರಿಸಿದೆವು. ವಹಾಬ್ ಗ್ಯಾರೇಜಿಗೆ ಹೋಗಿ ಒತ್ತಡ ತೋರಿಸುವ ಮುಳ್ಳಿನ ಮೀಟರು ತಂದು ಪೆಟ್ರೋಲ್ ಪೈಪಿಗೆ ಸಿಕ್ಕಿಸಿದ. ಇಂಜಿನ್ ಆಫ್ ಮಾಡಿದರೆ ಮುಳ್ಳು ಏರಿದ ಜಾಗದಲ್ಲೇ ನಿಲ್ಲಬೇಕಂತೆ. ಇದು ಪಂಕ್ಚರ್ ಆದ ಟೈರಿನ ಹಾಗೆ ಇಳಿಯುತ್ತಾ ಇಳಿಯುತ್ತಾ, ಒಂದು ಗಂಟೆಯ ಮೇಲೆ ತಳ ಮುಟ್ಟಿತು. ವ್ಯಾಯಾಮ ಅಷ್ಟರೊಳಗೆ ಮುಗಿಯುತ್ತಿದ್ದುದರಿಂದಲೇ ಮಂಡ್ಯದಲ್ಲಿ ಕಾರು ಒಂದೇ ಏಟಿಗೆ ಹತ್ತುತ್ತಿತ್ತು. "ಈಗ ಅಮ್ಮ ನಿಮ್ಮ ಪ್ರಕಾರ ಮಾಡಿ" ಅಂದ. ಕನಕಲಕ್ಷ್ಮಮ್ಮ ಒಂದೇ ತಿರುವು ತಿರುಗಿಸಿದರು. ಗರಗರ ಗರಗರ, ಆಮೇಲೆ ಹತ್ತಿತು. ಆಫ್ ಮಾಡಿ ಮತ್ತೆ ಮುಳ್ಳು ತಳ ಮುಟ್ಟುವವರೆಗೆ ಕಾದೆವು. "ಈಗ ಅರ್ಧ ತಿರುಗಿಸಿ. ಹಿಂದೆ ಗುಂಯ್ ಅಂತದೆ ಕೇಳಿಸ್ಕೊಳಿ. ಅದು ನಿಂತ ಮ್ಯಾಲೆ ಪೂರ್ತಿ ತಿರುಗಿಸಿ" ಅಂದ.

ಅವರು ಅರ್ಧ ತಿರುಗಿಸಿದರು. ಹಿಂದಿನಿಂದ ದುಂಬಿಯಂಥ ಸಣ್ಣ ಸದ್ದು ಬಂದು ನಿಂತಿತು. ಪೂರ್ತಿ ತಿರುಗಿಸಿದರು. ಕೈ ಇಟ್ಟದ್ದೇ ತಡ, ಇಂಜಿನ್ ಹತ್ತಿತು.

ಕನಕಲಕ್ಷ್ಮಮ್ಮ ಸ್ಟೇರಿಂಗ್ ಮೇಲೆ ಹಣೆ ಇಟ್ಟುಬಿಟ್ಟರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಅಂತ ನಾನು ಗಾಬರಿಯಾದೆ. ತಲೆ ಎತ್ತಿದಾಗ ನೋಡಿದರೆ ನಗು, ಕಣ್ಣಲ್ಲಿ ನೀರು, ಎರಡೂ ಒಟ್ಟಿಗೆ. "ಅಂಕಮ್ಮ, ಕೇಳಿಸ್ತಾ? ಕೈಯಲ್ಲ ಕಣೇ, ವಾಲ್ವು!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. ಅಂಕಮ್ಮ, "ಅಯ್ಯೋ ನನ್ನ ನಾಲ್ಗೆಗೆ ಬೆಂಕಿ ಹಾಕ, ನಾನೇನ್ ಕಂಡಿದ್ನಾ ತಾಯಿ" ಅಂತ ಪೊರಕೆ ಬಿಸಾಡಿ ಬಂದು ಅವರ ಕೈ ಹಿಡಿದುಕೊಂಡಳು. ನನ್ನ ಎದೆಯ ಮೇಲಿದ್ದ ಕಲ್ಲುಚಪ್ಪಡಿ ಸರಿದ ಹಾಗಾಯಿತು. ವಹಾಬನ ಬೆನ್ನಿಗೆ ಎಷ್ಟು ಜೋರಾಗಿ ಗುದ್ದಿದೆನೆಂದರೆ ಅವನು, "ಸಾಯಿಸ್ಬ್ಯಾಡ್ಲಾ, ಪಂಪು ಹಾಕೋರು ಬೇಕಲ್ಲ" ಅಂದ.

ಅಯ್ನೋರು ಮಾತ್ರ ಜಗಲಿಯಲ್ಲಿ ಕೂತು ಯೋಚಿಸುತ್ತಿದ್ದರು. ಆಮೇಲೆ ಅಂದರು, "ಹಾಗಾದರೆ ಹೊಸ ಪಂಪು ಯಾಕೆ ಕನಕ? ನೀನೂ ಕೀ ಹಾಕಿ, ದೇವರನ್ನ ನೆನೆದು ಹೊರಟರೆ ಆಯಿತಲ್ಲ."

ಕನಕಲಕ್ಷ್ಮಮ್ಮ ಕಾರಿನಿಂದ ಇಳಿದು ಗಂಡನ ಎದುರು ನಿಂತರು. "ದೇವರನ್ನ ಬೆಳಗ್ಗೆ ಎದ್ದಾಗಿಂದ ನೆನೀತೀನಿ. ಪಂಪಿಗೋಸ್ಕರ ನೆನೆಯೋದಿಲ್ಲ. ಇವತ್ತು ಶ್ಲೋಕಕ್ಕೆ ಹತ್ತುತ್ತೆ, ವಾಲ್ವ್ ಇನ್ನಷ್ಟು ಸವೆದ ಮೇಲೆ ಸಹಸ್ರನಾಮ ಹೇಳಬೇಕಾಗುತ್ತೆ. ಅಷ್ಟರಲ್ಲಿ ನಿಮ್ಮ ವ್ಯಾಯಾಮದವನು ಬಾಗಿಲು ಹಾಕ್ಕೊಂಡು ಮನೆಗೆ ಹೋಗಿರ್ತಾನೆ. ವಹಾಬ್, ಇವತ್ತೇ ಹಾಕಿ."

ಬೀದಿಯೆಲ್ಲ ಗೊಳ್ಳೆಂದು ನಕ್ಕಿತು. ಅಯ್ನೋರೂ ನಕ್ಕರು. ನಗು ಇಳಿದ ಮೇಲೆ ತಲೆ ತಗ್ಗಿಸಿಕೊಂಡು, ಮೆಲ್ಲಗೆ, ನಮ್ಮೆಲ್ಲರ ಎದುರಿಗೇ ಹೇಳಿದರು. "ನಿನ್ನ ಕೈಯನ್ನ ದೂರಿಬಿಟ್ಟೆ ಕನಕ. ಮೂರು ಹೊತ್ತೂ ತುತ್ತು ಮಾಡಿ ಬಾಯಿಗಿಟ್ಟ ಕೈ ಅದು. ನನ್ನದು ತಪ್ಪಾಯಿತು."

ಕನಕಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನಮಗೆಲ್ಲ ಕಾಫಿ ತರಲು ಒಳಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಮಂಡ್ಯದಿಂದ ಪಂಪು ಬಂತು. ವಹಾಬ್ ಹಿಂದಿನ ಸೀಟು ಕಿತ್ತು, ಮೈಯೆಲ್ಲ ಪೆಟ್ರೋಲ್ ಮಾಡಿಕೊಂಡು, ಬೆಳಕಿರುವಾಗಲೇ ಕೂರಿಸಿ ಮುಗಿಸಿದ. ಮೀಟರು ಹಾಕಿ ನೋಡಿದರೆ ಮುಳ್ಳು ನಿಂತಲ್ಲೇ ನಿಂತಿತು.

ಶುಕ್ರವಾರ ಬೆಳಗ್ಗೆ ನನಗೆ ಅಲ್ಲಿ ಏನೂ ಕೆಲಸವಿರಲಿಲ್ಲ. ಆದರೂ ಹೋದೆ. ಸುದರ್ಶನ್ ಆಗಲೇ ಬಂದಿದ್ದ, ಜೊತೆಯಲ್ಲಿ ಸೋಮನಹಳ್ಳಿಯ ಮಹದೇವು. ಅಲ್ಲಿ ಸಣ್ಣ ಕಾರ್ಖಾನೆ ಇಟ್ಟುಕೊಂಡವನು, ಕಾರು ಕೊಳ್ಳಲು ಬಂದವನು. ಅವನು ಕಾರಿನ ಸುತ್ತ ಒಂದು ಸುತ್ತು ಹಾಕಿ, ಟೈರಿಗೆ ಒದ್ದು, "ಬೆಳಿಗ್ಗೆ ಸ್ಟಾರ್ಟಾಗಕಿಲ್ಲ ಅಂದಿದ್ರಿ. ಎಲ್ಲಿ, ಒಂದ್ಸಲ ಮಾಡಿ ತೋರ್ಸಿ" ಅಂದ.

ಕನಕಲಕ್ಷ್ಮಮ್ಮ ಸೀರೆ ಸರಿಮಾಡಿಕೊಂಡು ಬಂದು ಕೂತರು. ಎಲ್ಲೂ ನಿಲ್ಲಿಸದೆ, ಒಂದೇ ತಿರುವಿಗೆ, ಕೀಯನ್ನು ಕೊನೆ ಮುಟ್ಟಿಸಿದರು. ಇಂಜಿನ್ ತಕ್ಷಣ ಹತ್ತಿತು.

ಮಹದೇವು ಖುಷಿಯಾಗಿಬಿಟ್ಟ. "ಎಂಥಾ ಒಳ್ಳೆ ಗಾಡಿ! ಇದ್ಕೆ ಏನಾಗೈತೆ? ಇವತ್ತೇ ತಗೊಂಡೋಯ್ತೀನಿ, ಸುದರ್ಶನಣ್ಣ."

"ಭಾವ, ಏನ್ ಮಾಡೋಣ?" ಅಂತ ಸುದರ್ಶನ್ ಅಯ್ನೋರ ಕಡೆ ತಿರುಗಿದ.

ಅಯ್ನೋರು ಅಷ್ಟರಲ್ಲಿ ಗೋಡೆ ಹಿಡಿದುಕೊಂಡು ಬಂದು ಮುಂದಿನ ಎಡಸೀಟಿನಲ್ಲಿ ಕೂತು ಆಗಿತ್ತು. "ಓಡಿಸೋರನ್ನ ಕೇಳು" ಅಂದರು.

"ಕೇಳೋದೇನೂ ಇಲ್ಲ" ಅಂದರು ಕನಕಲಕ್ಷ್ಮಮ್ಮ. "ಮಂಡ್ಯಕ್ಕೆ ಹೊತ್ತಾಯಿತು. ಸುದರ್ಶನ, ಒಳಗೆ ಫ್ಲಾಸ್ಕಲ್ಲಿ ಕಾಫಿ ಇದೆ. ಇವರಿಗೂ ಕೊಟ್ಟು ನೀನೂ ಕುಡಿ. ಹೋಗುವಾಗ ಬೀಗ ಹಾಕಿ ಅಂಕಮ್ಮನ ಕೈಗೆ ಕೊಡು."

ಅಯ್ನೋರು ಎಡಗೈಯಿಂದ ಸೀಟ್ ಬೆಲ್ಟ್ ಎಳೆದುಕೊಂಡರು. ಅಷ್ಟು ದಿನವೂ ಅದನ್ನು ಸಿಕ್ಕಿಸುತ್ತಿದ್ದವರು ಕನಕಲಕ್ಷ್ಮಮ್ಮ. ಅವತ್ತೂ ಅವರ ಕೈ ಅಭ್ಯಾಸದಂತೆ ಮುಂದೆ ಬಂತು. ಅಯ್ನೋರು ತಲೆ ಅಲ್ಲಾಡಿಸಿದರು. ಬೆಲ್ಟಿನ ಕೊಂಡಿಯನ್ನು ಬಲಗೈಯ ಬೆರಳುಗಳ ನಡುವೆ ಇಟ್ಟುಕೊಂಡು, ತುಟಿ ಕಚ್ಚಿ, ಸೊಂಟದ ಪಕ್ಕಕ್ಕೆ ಒಯ್ದರು. ಜಾರಿತು. ಮತ್ತೆ ಇಟ್ಟರು, ಮತ್ತೆ ಜಾರಿತು. ಕನಕಲಕ್ಷ್ಮಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. ಇಂಜಿನ್ ತನ್ನ ಪಾಡಿಗೆ ಓಡುತ್ತಿತ್ತು. ಕಾರು ಕೊಳ್ಳಲು ಬಂದವನೂ ಕಿಟಕಿಗೆ ಬಗ್ಗಿ ನೋಡುತ್ತಿದ್ದ. ಮತ್ತೊಂದು ಸಲ ಒತ್ತಿದಾಗ ಕೊಂಡಿ ಒಳಗೆ ಹೋಗಿ ಕಟ್ ಅಂತ ಕೂತುಕೊಂಡಿತು.

ಅಯ್ನೋರು ತಮ್ಮ ಬಲಗೈಯನ್ನೇ ನೋಡಿದರು. ಆಮೇಲೆ ಹೆಂಡತಿಯ ಮುಖ ನೋಡಿ, "ನಡಿ" ಅಂದರು. ಕನಕಲಕ್ಷ್ಮಮ್ಮ ಗೇರ್ ಹಾಕಿದರು.